ಉಂಡು ಮಲಗುವ ತನಕ

(ಓದುಗರ ಬಳಗವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಶುರುವಿನಲ್ಲೇ ಒಂದು ಎಚ್ಚರಿಕೆ ಕೊಟ್ಟುಬಿಡುತ್ತೇನೆ. ಇವತ್ತು ನಾನು ಮಾತಾಡಲಿರುವ ಕಾದಂಬರಿಯಲ್ಲಿ ಒಂದು ಸಾವಿದೆ. ಸತ್ತವರು ಯಾರು, ಸಾವಿಗೆ ಕಾರಣ ಯಾರು ಎಂಬ ಎರಡನ್ನೂ ಲೇಖಕಿ ಕೊನೆಯವರೆಗೆ ಮುಚ್ಚಿಟ್ಟಿದ್ದಾರೆ. ನಾನು ಮುಚ್ಚಿಡುವುದಿಲ್ಲ. ಓದಿ ಮುಗಿಸದವರು ಯಾರಾದರೂ ಇದ್ದರೆ ಈಗಲೇ ಎದ್ದು ಹೊರಗೆ ಅಡ್ಡಾಡಿಕೊಂಡು ಬರಬಹುದು, ಬೇಜಾರಿಲ್ಲ. (ಯಾರೂ ಏಳಲಿಲ್ಲ. ಗುಟ್ಟು ಅಂದರೆ ನಮಗೆಲ್ಲ ಹಾಗೆಯೇ.)

ಕಾದಂಬರಿಯ ಹೆಸರು ‘ಬಿಗ್ ಲಿಟಲ್ ಲೈಸ್’. ಬರೆದವರು ಆಸ್ಟ್ರೇಲಿಯಾದ ಲಿಯಾನ್ ಮೊರಿಯಾರ್ಟಿ. ಪ್ರಕಟವಾದದ್ದು 2014ರಲ್ಲಿ. ದೊಡ್ಡ ಪುಟ್ಟ ಸುಳ್ಳುಗಳು ಎನ್ನಬಹುದು, ಆದರೆ ಕನ್ನಡದಲ್ಲಿ ಅದು ಅಷ್ಟು ಚುರುಕಾಗಿ ಕೇಳುವುದಿಲ್ಲ. ಇಂಗ್ಲೆಂಡಿನಲ್ಲಿ ಮೊದಲು ಅಚ್ಚಾದಾಗ ‘ದೊಡ್ಡ’ ಎಂಬುದನ್ನು ಬಿಟ್ಟು ಬರೀ ‘ಲಿಟಲ್ ಲೈಸ್’ ಎಂದಷ್ಟೇ ಇಟ್ಟಿದ್ದರು. ಆ ‘ದೊಡ್ಡ’ ಬಿಟ್ಟುಹೋದದ್ದು ನಷ್ಟವೇ. ಯಾವುದು ದೊಡ್ಡದು, ಯಾವುದು ಚಿಕ್ಕದು ಎಂದು ಅಳೆಯಲು ಬಾರದ ಜನರ ಕಥೆ ಇದು.

ನಾನು ಇದನ್ನು ಬಹಳ ತಡವಾಗಿ ಓದಿದೆ. ಕಾರಣ ಹೇಳಲು ನಾಚಿಕೆಯಾಗುತ್ತದೆ: ರಕ್ಷಾಪುಟದ ಹಿಂದೆ ‘ತಾಯಂದಿರು’, ‘ಶಾಲೆ’, ‘ಗೆಳತಿಯರು’ ಎಂಬ ಮಾತುಗಳನ್ನು ನೋಡಿ, ಇದು ರೈಲಿನಲ್ಲಿ ಓದಿ ಸೀಟಿನ ಮೇಲೆ ಬಿಟ್ಟು ಇಳಿಯುವ ಪುಸ್ತಕ ಎಂದುಕೊಂಡಿದ್ದೆ. ಹೆಂಗಸರ ಬರಹವನ್ನು ಅಡುಗೆಮನೆ ಸಾಹಿತ್ಯ ಎಂದು ಪಕ್ಕಕ್ಕೆ ತಳ್ಳಿದವರನ್ನು ಕಂಡರೆ ಸಿಟ್ಟಾಗುವ ನಾನೇ ಹಾಗೆ ಮಾಡಿದ್ದೆ. ಓದಲು ಕೂತ ರಾತ್ರಿ ಎರಡು ಗಂಟೆಯಾದರೂ ದೀಪ ಆರಿಸಲಿಲ್ಲ.

ಮೊದಲು ಊರು, ಶಾಲೆ. ಸಿಡ್ನಿಯ ಉತ್ತರಕ್ಕೆ, ಮ್ಯಾನ್ಲಿಯಿಂದ ಪಾಮ್ ಬೀಚ್‌ವರೆಗೆ ಕಡಲಿಗೆ ಒತ್ತಿಕೊಂಡ ಒಂದು ಪಟ್ಟಿಯಿದೆ. ನಾರ್ದರ್ನ್ ಬೀಚಸ್ ಎನ್ನುತ್ತಾರೆ. ಅಲ್ಲಿಗೆ ರೈಲಿಲ್ಲ. ಒಮ್ಮೆ ನೆಲೆ ನಿಂತವರು ಅಲ್ಲೇ ಇರುತ್ತಾರೆ, ಒಬ್ಬರ ಸುದ್ದಿ ಇನ್ನೊಬ್ಬರಿಗೆ ಗೊತ್ತಿರುತ್ತದೆ. ಮೊರಿಯಾರ್ಟಿ ಆ ಕಡಲಂಚಿನಂಥದೇ ಒಂದು ಕಲ್ಪಿತ ಊರು ಕಟ್ಟಿ ಪಿರಿವೀ ಎಂದು ಹೆಸರಿಟ್ಟಿದ್ದಾರೆ. ಅಲ್ಲೊಂದು ಸರಕಾರಿ ಪ್ರಾಥಮಿಕ ಶಾಲೆ. ಸರಕಾರಿ ಎಂಬುದು ಇಲ್ಲಿ ಮುಖ್ಯ. ಸಿಡ್ನಿ ಇರುವ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ಸರಕಾರಿ ಶಾಲೆಯ ಸೀಟು ನೀವಿರುವ ಬೀದಿಯ ಮೇಲೆ ನಿಂತಿರುತ್ತದೆ. ಕಡಲಿಗೆ ಮುಖಮಾಡಿದ ಬಂಗಲೆಯ ಮಗುವಿಗೂ ಎರಡು ಕೋಣೆಯ ಬಾಡಿಗೆ ಫ್ಲ್ಯಾಟಿನ ಮಗುವಿಗೂ ಒಂದೇ ಚಾಪೆ. ತಾಯಂದಿರು ಒಬ್ಬರನ್ನೊಬ್ಬರು ಆರಿಸಿಕೊಂಡವರಲ್ಲ, ಮಕ್ಕಳು ತಂದು ಒಂದೆಡೆ ನಿಲ್ಲಿಸಿದವರು.

ನ್ಯೂ ಸೌತ್ ವೇಲ್ಸ್‌ನಲ್ಲಿ ಶಾಲೆಯ ಮೊದಲ ವರ್ಷಕ್ಕೆ ಕಿಂಡರ್‌ಗಾರ್ಟನ್ ಎನ್ನುತ್ತಾರೆ, ಬಾಯಿಮಾತಿಗೆ ಕಿಂಡಿ. ಜುಲೈ 31ರೊಳಗೆ ಐದು ತುಂಬುವ ಮಗುವನ್ನು ಆ ವರ್ಷದ ಶುರುವಿನಲ್ಲೇ ಸೇರಿಸಬಹುದು. ಆರು ತುಂಬುವುದರೊಳಗೆ ಸೇರಿಸಲೇಬೇಕು. ಹಾಗಾಗಿ ನಾಲ್ಕೂವರೆಯ ಮಗುವೂ ಆರು ಮುಟ್ಟುತ್ತಿರುವ ಮಗುವೂ ಅಕ್ಕಪಕ್ಕ ಕೂರುತ್ತವೆ. ಆ ವಯಸ್ಸಿನಲ್ಲಿ ಒಂದು ವರ್ಷವೆಂದರೆ ಅಜಗಜಾಂತರ. ಈ ಶಾಲೆಗಳಿಗೆ ‘ಪಿ ಆಂಡ್ ಸಿ’ ಎಂಬ ಪೋಷಕರ ಸಂಘವಿರುತ್ತದೆ. ಹಣ ಕೂಡಿಸುವುದು, ಮೇಳ ಮಾಡುವುದು, ರಾತ್ರಿ ರಸಪ್ರಶ್ನೆ ಕೂಟ ಏರ್ಪಡಿಸುವುದು ಇವರ ಕೆಲಸ. ಪಿರಿವೀಯ ಸಂಘವನ್ನು ನಡೆಸುವ ಹೆಂಗಸರದೆಲ್ಲ ಒಂದೇ ತರಹದ ಹೊಂಬಣ್ಣದ ಬಾಬ್ ಕಟ್ ಕೂದಲು. ಅವರಿಗೆ ‘ಬ್ಲಾಂಡ್ ಬಾಬ್ಸ್’ ಎಂದೇ ಹೆಸರು ಬಿದ್ದಿದೆ.

ಕಥೆ ತೆರೆಯುವುದು ಆ ರಸಪ್ರಶ್ನೆ ರಾತ್ರಿಯಂದೇ. ಶಾಲೆಯ ಪಕ್ಕದ ಮನೆಯ ವೃದ್ಧೆಯೊಬ್ಬಳು ಬೆಕ್ಕಿನ ಜೊತೆ ಕೂತಿದ್ದಾಳೆ. ಶಾಲೆಯಿಂದ ಗದ್ದಲ ಕೇಳುತ್ತದೆ, ಕಿರುಚಾಟ ಕೇಳುತ್ತದೆ. ಯಾರೋ ಸತ್ತಿದ್ದಾರೆ. ಅಲ್ಲಿಂದ ಕಥೆ ಆರು ತಿಂಗಳು ಹಿಂದಕ್ಕೆ ಹೋಗಿ, ಆ ರಾತ್ರಿಯತ್ತ ಹೆಜ್ಜೆಯಿಡುತ್ತ ಬರುತ್ತದೆ. ಪತ್ತೇದಾರಿಯಲ್ಲಿ ಸಾಮಾನ್ಯವಾಗಿ ಹೆಣ ಮೊದಲು ಸಿಗುತ್ತದೆ, ಆಮೇಲೆ ಕೊಂದವರ ಹುಡುಕಾಟ. ಇಲ್ಲಿ ಹೆಣದ ಗುರುತೂ ನಮಗೆ ಸಿಕ್ಕುವುದಿಲ್ಲ. ಪ್ರತಿಯೊಬ್ಬರನ್ನೂ ‘ಇವಳೇ ಇರಬಹುದೇ ಸಾಯುವವಳು’ ಎಂದು ನೋಡುತ್ತ ಓದುತ್ತೇವೆ. ನಾಳೆ ಇರುವುದಿಲ್ಲ ಎಂದು ಗೊತ್ತಾದ ಮನುಷ್ಯರನ್ನು ನಾವು ಸ್ವಲ್ಪ ಹೆಚ್ಚು ಗಮನ ಕೊಟ್ಟು ನೋಡುತ್ತೇವಲ್ಲ, ಆ ನೋಟವನ್ನು ಲೇಖಕಿ ನಮಗೆ ಉಪಾಯವಾಗಿ ಹಚ್ಚಿಬಿಡುತ್ತಾರೆ.

ಮಧ್ಯೆ ಮಧ್ಯೆ ಇನ್ನೊಂದು ಇದೆ, ನನಗೆ ಪುಸ್ತಕದ ಎಲ್ಲಕ್ಕಿಂತ ಇಷ್ಟವಾದದ್ದು. ಅಧ್ಯಾಯಗಳ ಅಂಚಿನಲ್ಲಿ ಪೋಷಕರ ಒಂದೊಂದು ಸಾಲಿನ ಹೇಳಿಕೆಗಳು. ಸಾವಾದ ಮೇಲೆ ವಿಚಾರಿಸಿದವರಿಗೆ ಕೊಟ್ಟ ಉತ್ತರಗಳು ಅವು. ಇದಕ್ಕೆಲ್ಲ ಮೂಲ ಆ ಫ್ರೆಂಚ್ ಆಯಾ ಎನ್ನುವವರು ಒಬ್ಬರು. ಹೇನಿನ ಕಾಟದಿಂದ ಶುರುವಾಯಿತು ಎನ್ನುವವರು ಇನ್ನೊಬ್ಬರು. ಪೋಲಿ ಪುಸ್ತಕ ಓದುವ ಬಳಗವೇ ಕಾರಣ ಎಂದು ಮತ್ತೊಬ್ಬರು. ಎಲ್ಲರಿಗೂ ಎಲ್ಲ ಗೊತ್ತು. ಒಬ್ಬರ ಮಾತಿಗೆ ಒಬ್ಬರ ಮಾತು ಕೂಡುವುದಿಲ್ಲ. ಹಳೆಯ ಗ್ರೀಕ್ ನಾಟಕಗಳಲ್ಲಿ ಮೇಳದವರು ಬಂದು ನಡೆದದ್ದರ ಅರ್ಥ ಹೇಳುತ್ತಿದ್ದರು. ಈ ಮೇಳ ಬಂದು ಅರ್ಥ ಕೆಡಿಸುತ್ತದೆ. ನಗು ಬರುತ್ತದೆ, ಜೋರಾಗಿಯೇ ಬರುತ್ತದೆ. ಮುಕ್ಕಾಲು ಪುಸ್ತಕ ದಾಟಿದ ಮೇಲೆ ಮಾತ್ರ ನನಗೆ ಹೊಳೆದದ್ದು: ಇಷ್ಟೊಂದು ಬಾಯಿಗಳಲ್ಲಿ ಒಂದೂ ಆ ಒಂದು ಮನೆಯ ಹೆಸರು ಎತ್ತುತ್ತಿಲ್ಲ. ಚಾಡಿಗೆ ಬರವಿಲ್ಲದ ಊರಿನಲ್ಲಿ, ಚಾಡಿಯಾಗಬೇಕಾದ ಒಂದೇ ವಿಷಯ ಯಾರ ಬಾಯಿಗೂ ಬಿದ್ದಿಲ್ಲ.

ಈಗ ಆ ಹೆಂಗಸರ ಪರಿಚಯ. ಮ್ಯಾಡೆಲಿನ್‌ಗೆ ಅವತ್ತಿಗೆ ನಲವತ್ತು. ಹುಟ್ಟುಹಬ್ಬದ ದಿನವೇ, ಗಾಡಿ ಓಡಿಸುತ್ತ ಫೋನ್ ನೋಡುತ್ತಿದ್ದ ಹುಡುಗಿಯನ್ನು ಬೈಯಲು ಕಾರಿನಿಂದಿಳಿದು ಕಾಲು ಉಳುಕಿಸಿಕೊಳ್ಳುತ್ತಾಳೆ. ಅದೊಂದರಲ್ಲೇ ಅವಳ ಸ್ವಭಾವ ಪೂರ್ತಿ ಇದೆ. ಅವಳ ಮೊದಲ ಗಂಡ ನೇಥನ್ ಹಸುಗೂಸನ್ನೂ ಬಾಣಂತಿಯನ್ನೂ ಬಿಟ್ಟು ಹೋದವನು. ಈಗ ಎರಡನೇ ಹೆಂಡತಿ ಬಾನಿ ಜೊತೆ ಅದೇ ಊರಿಗೆ ಬಂದು, ಆದರ್ಶ ತಂದೆಯಾಗಿ, ಅದೇ ಕಿಂಡಿ ತರಗತಿಗೆ ಮಗಳನ್ನು ಸೇರಿಸಿದ್ದಾನೆ. ತಪ್ಪು ಯಾರದೆಂದು ಕೇಳದೆ, ಹನ್ನೆರಡು ತಿಂಗಳು ಬೇರೆಯಿದ್ದರೆ ವಿಚ್ಛೇದನ ಕೊಡುವ ಕಾನೂನು ಆಸ್ಟ್ರೇಲಿಯಾದಲ್ಲಿ 1975ರಲ್ಲೇ ಆಗಿದೆ. ಕಾನೂನು ಕೇಳದಿದ್ದರೇನು, ಮ್ಯಾಡೆಲಿನ್ ದಿನಾ ಬೆಳಿಗ್ಗೆ ಗೇಟಿನ ಬಳಿ ಕೇಳಿಕೊಳ್ಳುತ್ತಲೇ ಇರುತ್ತಾಳೆ.

ಜೇನ್‌ಗೆ ಇಪ್ಪತ್ತನಾಲ್ಕು. ಒಬ್ಬಳೇ. ಮಗ ಜಿಗ್ಗಿ. ಮಗನ ತಂದೆ ಯಾರೆಂಬ ಮಾತು ಬಂದರೆ ಬಾಯಿ ಮುಚ್ಚಿಕೊಳ್ಳುತ್ತಾಳೆ. ಸದಾ ಚ್ಯೂಯಿಂಗ್ ಗಮ್ ಅಗಿಯುತ್ತಿರುತ್ತಾಳೆ. ಬರೀ ಅಭ್ಯಾಸ ಎಂದುಕೊಂಡು ನಾವು ಮುಂದಕ್ಕೆ ಹೋಗುತ್ತೇವೆ. ಬಹಳ ಪುಟಗಳ ನಂತರ ತಿಳಿಯುತ್ತದೆ, ಹೋಟೆಲ್ ಕೋಣೆಯೊಂದರಲ್ಲಿ ಒಬ್ಬ ಗಂಡಸು ಅವಳ ಕುತ್ತಿಗೆ ಹಿಸುಕಿ, ಮೈಯನ್ನೂ ಬಾಯಿಯನ್ನೂ ಹೀಯಾಳಿಸಿದ್ದ ಎಂದು. ಐದು ವರ್ಷವಾದರೂ ಆ ಮಾತನ್ನು ಅವಳು ಹಲ್ಲಿನ ಕೆಳಗೆ ಹಾಕಿ ಅಗಿಯುತ್ತಲೇ ಇದ್ದಾಳೆ.

ಸೆಲೆಸ್ಟ್ ಮೊದಲು ವಕೀಲೆಯಾಗಿದ್ದವಳು. ನೋಡಿದವರು ಮಾತು ಮರೆಯುವಷ್ಟು ಚೆಲುವೆ. ಅವಳಿ ಗಂಡುಮಕ್ಕಳು ಮ್ಯಾಕ್ಸ್ ಮತ್ತು ಜಾಶ್. ಗಂಡ ಪೆರಿ ಹಣಕಾಸು ಲೋಕದ ದೊಡ್ಡ ಕುಳ, ದೇಶವಿದೇಶ ಸುತ್ತುವವನು, ಮಕ್ಕಳೆಂದರೆ ಪ್ರಾಣ, ಕುಟುಂಬದ ಫೋಟೋಗಳನ್ನು ಫೇಸ್‌ಬುಕ್‌ಗೆ ಹಾಕುವುದರಲ್ಲಿ ಎತ್ತಿದ ಕೈ. ಮೊರಿಯಾರ್ಟಿ ಕಾದಂಬರಿಗೆ ಬರುವ ಮೊದಲು ಜಾಹೀರಾತು ಬರೆದು ಬದುಕಿದವರು. ಯಾವ ಚಿತ್ರ ಏನನ್ನು ಮಾರುತ್ತದೆ ಎಂದು ಅವರಿಗೆ ಚೆನ್ನಾಗಿ ಗೊತ್ತು.

ಪೆರಿ ಹೆಂಡತಿಯನ್ನು ಹೊಡೆಯುತ್ತಾನೆ.

ಇದನ್ನು ನಾನು ಒಂದೇ ಸಾಲಿನಲ್ಲಿ ಹೇಳಿದೆ. ಸೆಲೆಸ್ಟ್‌ಗೆ ಈ ಒಂದು ಸಾಲು ಹೇಳಿಕೊಳ್ಳಲು ಇಡೀ ಕಾದಂಬರಿ ಬೇಕಾಯಿತು. ಬೇರೆಯವರಿಗೆ ಹೇಳುವುದು ದೂರದ ಮಾತು, ತನಗೆ ತಾನೇ ಹೇಳಿಕೊಳ್ಳಲು. ಅವಳ ತಲೆಯೊಳಗೆ ಒಬ್ಬ ವಕೀಲೆ ಇನ್ನೂ ಕೂತಿದ್ದಾಳೆ, ಆದರೆ ಆಕೆ ವಾದ ಮಾಡುವುದು ಎದುರು ಪಕ್ಷಕ್ಕೆ. ನಾನೂ ತಿರುಗಿ ಹೊಡೆದಿದ್ದೇನಲ್ಲ? ದಿನಾ ಆಗುವುದಿಲ್ಲವಲ್ಲ? ಆಮೇಲೆ ಅವನೇ ಅಳುತ್ತಾನಲ್ಲ, ಒಡವೆ ತರುತ್ತಾನಲ್ಲ? ಇಷ್ಟು ದೊಡ್ಡ ಮನೆಯಲ್ಲಿರುವವಳು ದೂರುವುದು ಚೆಂದವೇ? ನೊಂದ ಹೆಂಗಸರು ಎಂದರೆ ಬೇರೆ ಯಾರೋ, ತನಗಿಂತ ಬಡವರು, ತನಗಿಂತ ಹೆಚ್ಚು ಏಟು ತಿಂದವರು. ಅವರ ಸಾಲಿನಲ್ಲಿ ನಿಂತರೆ ಅವರಿಗೇ ಮೋಸ ಮಾಡಿದಂತೆ ಎಂದುಕೊಳ್ಳುತ್ತಾಳೆ.

ನಮ್ಮಲ್ಲೊಂದು ಗಾದೆಯಿದೆ, ಎಲ್ಲರಿಗೂ ಗೊತ್ತಿರುವುದೇ: ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ. ನಾನಿದನ್ನು ಎಷ್ಟು ಸಲ ನಗುತ್ತ ಹೇಳಿದ್ದೇನೋ ಲೆಕ್ಕವಿಲ್ಲ. ಸೆಲೆಸ್ಟ್‌ಳ ಅಧ್ಯಾಯಗಳನ್ನು ಓದುವಾಗ ಗಾದೆಯ ಒಂದೊಂದು ಪದವೂ ಬೇರೆ ತರಹ ಕೇಳತೊಡಗಿತು. ಮೊದಲನೆಯದು ‘ಜಗಳ’. ಜಗಳಕ್ಕೆ ಇಬ್ಬರು ಬೇಕು, ಇಬ್ಬರದೂ ತಪ್ಪಿರುತ್ತದೆ. ಸೆಲೆಸ್ಟ್ ಹಿಡಿದುಕೊಂಡು ತೂಗಾಡುವುದು ಇದೇ ಪದವನ್ನು: ನಮ್ಮದು ಬಿರುಸಿನ ಸಂಸಾರ, ಇಬ್ಬರೂ ಕೈ ಎತ್ತುತ್ತೇವೆ. ಎರಡನೆಯದು ‘ತನಕ’. ಬೆಳಗಾದರೆ ಮುಗಿಯಿತು, ಲೆಕ್ಕ ಚುಕ್ತಾ. ಅವಳ ಪ್ರತಿ ಬೆಳಗೂ ಹಾಗೆಯೇ ಶುರುವಾಗುತ್ತದೆ. ಇನ್ನು ಮಲಗುವುದು. ಹೊಡೆತದ ಬೆನ್ನಿಗೇ ಬರುವ ಮಿಲನವನ್ನು ಪ್ರೀತಿಯ ಸಾಕ್ಷಿ ಎಂದು ಅವಳು ನಂಬುತ್ತಾಳೆ. ಪುಸ್ತಕದ ಅತ್ಯಂತ ಕಷ್ಟದ ಪುಟಗಳು ಅವು. ಲೇಖಕಿ ಅಲ್ಲಿ ಒಂದು ಮಾತನ್ನೂ ಸಿಹಿ ಮಾಡಿಲ್ಲ, ಕಹಿ ಮಾಡಿಯೂ ಇಲ್ಲ. ಕೊನೆಗೆ, ಈ ಗಾದೆ ಹೇಳುವವರು ಯಾರು? ಗಂಡನೂ ಅಲ್ಲ, ಹೆಂಡತಿಯೂ ಅಲ್ಲ. ಪಕ್ಕದ ಮನೆಯವರು. ನಾವು ಒಳಗೆ ಬರಬೇಕಾಗಿಲ್ಲ ಎಂದು ನಮಗೆ ನಾವೇ ಬರೆದುಕೊಂಡ ರಜಾ ಚೀಟಿ ಅದು.

ಸೆಲೆಸ್ಟ್ ಗುಟ್ಟಾಗಿ ಒಬ್ಬ ಸಲಹೆಗಾರ್ತಿಯ ಬಳಿ ಹೋಗುತ್ತಾಳೆ. ಸೂಸಿ ಎಂದು ಹೆಸರು. ಆಕೆ ಬೈಯುವುದಿಲ್ಲ, ‘ಬಿಟ್ಟು ಬಾ’ ಎಂದು ಎಳೆಯುವುದಿಲ್ಲ. ಒಂದು ಪ್ಲಾನ್ ಮಾಡಿಸುತ್ತಾಳೆ: ಇವತ್ತೇ ಹೊರಡಬೇಕಾಗಿ ಬಂದರೆ ಎಲ್ಲಿಗೆ ಹೋಗುತ್ತೀ, ಮಕ್ಕಳು ಎಲ್ಲಿ ಮಲಗುತ್ತಾರೆ? ಸೆಲೆಸ್ಟ್ ಒಂದು ಫ್ಲ್ಯಾಟ್ ಬಾಡಿಗೆಗೆ ಹಿಡಿಯುತ್ತಾಳೆ, ಯಾರಿಗೂ ಹೇಳದೆ. ಗೆಳತಿಯರಿಗೂ ಇಲ್ಲ. ದಿನಾ ಕಾಫಿ ಕುಡಿಯುವ, ಮಗಳ ಮುಟ್ಟಿನಿಂದ ಹಿಡಿದು ಗಂಡನ ಗೊರಕೆಯವರೆಗೆ ಎಲ್ಲ ಹೇಳಿಕೊಳ್ಳುವ ಗೆಳತಿಯರವರು. ಮ್ಯಾಡೆಲಿನ್ ಒಳ್ಳೆಯ ಗೆಳತಿ, ಅದರಲ್ಲಿ ಅನುಮಾನವಿಲ್ಲ. ಆದರೆ ಸೆಲೆಸ್ಟ್ ಮಾತಿನ ಮಧ್ಯೆ ಕಳೆದುಹೋದಾಗ, ಕೊನೆ ಗಳಿಗೆಯಲ್ಲಿ ಬರುವುದಿಲ್ಲ ಎಂದಾಗ, ‘ಇವಳು ಸ್ವಲ್ಪ ಮರೆಗುಳಿ’ ಎಂದು ನಕ್ಕು ಬಿಡುತ್ತಾಳೆ. ಕಂಡದ್ದಕ್ಕೆ ಬೇರೆ ಹೆಸರಿಟ್ಟಳು, ಅಷ್ಟೇ. ಈ ಕಾದಂಬರಿಯ ಗುಟ್ಟುಗಳು ಬಹುಪಾಲು ಹೀಗೆಯೇ ಇರುತ್ತವೆ, ಬಟಾಬಯಲಿನಲ್ಲಿ, ತಪ್ಪು ಹೆಸರಿನ ಚೀಟಿ ಅಂಟಿಸಿಕೊಂಡು.

ಇನ್ನು ಮಕ್ಕಳ ಕಡೆಗೆ ಬರೋಣ. ಹೊಸ ಮಕ್ಕಳನ್ನು ಶಾಲೆಗೆ ಪರಿಚಯಿಸುವ ದಿನ. ತಾಯಂದಿರು ಮಕ್ಕಳನ್ನು ಕರೆದೊಯ್ಯಲು ಬಂದು ನಿಂತಿದ್ದಾರೆ. ಅಮಾಬೆಲ್ಲಾ ಎಂಬ ಹುಡುಗಿಯ ಕುತ್ತಿಗೆಯ ಮೇಲೆ ಗುರುತು ಮೂಡಿದೆ, ಯಾರೋ ಹಿಸುಕಿದ್ದಾರೆ. ಅವಳ ತಾಯಿ ರೆನಾಟಾ ದೊಡ್ಡ ಹುದ್ದೆಯಲ್ಲಿರುವವಳು, ಉತ್ತರ ಸಿಗದೆ ಹೊರಡುವವಳಲ್ಲ. ಟೀಚರ್ ಎಲ್ಲರ ಮುಂದೆ ಮಗುವನ್ನು ಕೇಳುತ್ತಾಳೆ: ಯಾರು ಮಾಡಿದ್ದು, ತೋರಿಸು. ಮಗು ತೋರಿಸಲು ಒಲ್ಲದು. ಮತ್ತೆ ಕೇಳುತ್ತಾರೆ. ಕೊನೆಗೆ ಆ ಪುಟ್ಟ ಬೆರಳು ಜಿಗ್ಗಿಯ ಕಡೆ ತಿರುಗುತ್ತದೆ. ಜಿಗ್ಗಿ ತಾನಲ್ಲ ಎನ್ನುತ್ತಾನೆ. ಕ್ಷಮೆ ಕೇಳು ಎಂದರೆ ಕೇಳುವುದಿಲ್ಲ, ಮಾಡದ ತಪ್ಪಿಗೆ ಏಕೆ ಕೇಳಲಿ? ಅವತ್ತಿನಿಂದ ಆ ಹುಡುಗ ಶಾಲೆಯ ಪುಂಡ.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ನಾನು ಬಹಳ ವರ್ಷ ಚಿಕ್ಕ ಮಕ್ಕಳಿಗೆ ಪಾಠ ಹೇಳಿದವಳು. ಈ ದೃಶ್ಯವನ್ನು ಓದಿ ಪುಸ್ತಕ ಮುಚ್ಚಿಟ್ಟೆ. ಒಮ್ಮೆ ಒಂದು ಮಗುವಿನ ತೋಳಿನ ಮೇಲೆ ಹಲ್ಲಿನ ಗುರುತು ಕಂಡು, ನಾನೂ ಇಡೀ ತರಗತಿಯ ಎದುರು ಅವಳನ್ನು ನಿಲ್ಲಿಸಿ ಕೇಳಿದ್ದೆ. ಮೂವತ್ತು ಜೊತೆ ಕಣ್ಣು ಅವಳ ಮೇಲೆ. ಅವಳು ಒಬ್ಬೊಬ್ಬರನ್ನಾಗಿ ನೋಡುತ್ತ ಹೋಗಿ, ಹೊಸದಾಗಿ ಸೇರಿದ, ಇನ್ನೂ ಯಾರ ಗೆಳೆತನವೂ ಆಗದ ಹುಡುಗನ ಕಡೆ ಕೈ ತೋರಿಸಿದಳು. ಅವನಲ್ಲ ಎಂದು ಗೊತ್ತಾಗಲು ನನಗೆ ಎರಡು ತಿಂಗಳು ಬೇಕಾಯಿತು. ಯಾರನ್ನು ತೋರಿಸಿದರೆ ತನಗೆ ಕಡಿಮೆ ಅಪಾಯ ಎಂದು ಐದು ವರ್ಷದ ಮಗು ಲೆಕ್ಕ ಹಾಕಬಲ್ಲದು. ಅಮಾಬೆಲ್ಲಾ ಮಾಡಿದ್ದೂ ಅದನ್ನೇ. ಜಿಗ್ಗಿ ಹೊಸಬ, ಅವನ ತಾಯಿಗೆ ಆ ಊರಿನಲ್ಲಿ ಯಾರೂ ಇಲ್ಲ.

ಮುಂದಿನದೆಲ್ಲ ದೊಡ್ಡವರ ಆಟ. ಅಮಾಬೆಲ್ಲಾಳ ಹುಟ್ಟುಹಬ್ಬಕ್ಕೆ ಜಿಗ್ಗಿಯೊಬ್ಬನನ್ನು ಬಿಟ್ಟು ಇಡೀ ತರಗತಿಗೆ ಕರೆ ಹೋಗುತ್ತದೆ. ಮ್ಯಾಡೆಲಿನ್ ಸೇಡಿಗೆ ಅದೇ ದಿನದ ಐಸ್ ಶೋ ಟಿಕೆಟ್‌ಗಳನ್ನು ಹಂಚಿ ಒಂದಷ್ಟು ಮಕ್ಕಳನ್ನು ತನ್ನ ಕಡೆ ಎಳೆಯುತ್ತಾಳೆ. ಎರಡು ಪಕ್ಷವಾಗುತ್ತದೆ. ಜಿಗ್ಗಿಯನ್ನು ಶಾಲೆಯಿಂದ ಹೊರಗಿಡಬೇಕೆಂದು ಸಹಿ ಸಂಗ್ರಹ ನಡೆಯುತ್ತದೆ, ಐದು ವರ್ಷದ ಹುಡುಗನ ವಿರುದ್ಧ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ ಎನ್ನುತ್ತೇವಲ್ಲ, ಇಲ್ಲಿ ತಮಾಷೆಯೆಂದರೆ ಹೆಗಲು ಮುಟ್ಟಿಕೊಳ್ಳುವವಳು ಕದಿಯದ ಜೇನ್. ಮಗನ ತಂದೆ ಎಂಥವನೆಂದು ಗೊತ್ತಿರುವುದರಿಂದ, ಆ ಕುತ್ತಿಗೆಯ ಗುರುತು ಅವಳಿಗೆ ತೀರಾ ಪರಿಚಿತವಾದ್ದರಿಂದ, ಮಗನ ರಕ್ತದಲ್ಲಿ ಏನಾದರೂ ಇದೆಯೋ ಎಂದು ರಾತ್ರಿಯೆಲ್ಲ ಹೆದರುತ್ತಾಳೆ.

ಅಮಾಬೆಲ್ಲಾಳನ್ನು ನಿಜವಾಗಿ ಹಿಸುಕಿದವನು, ಆಮೇಲೆ ಕಚ್ಚಿದವನೂ ಮ್ಯಾಕ್ಸ್. ಸೆಲೆಸ್ಟ್ ಮತ್ತು ಪೆರಿಯ ಮಗ. ಜಿಗ್ಗಿಯ ತಂದೆಯೂ ಪೆರಿಯೇ. ಅವತ್ತು ಹೋಟೆಲ್ಲಿನಲ್ಲಿ ಸೋದರಸಂಬಂಧಿಯ ಹೆಸರು ಹೇಳಿಕೊಂಡು ಜೇನ್‌ಳನ್ನು ಕರೆದೊಯ್ದವನು ಅವನು. ಇದನ್ನು ಕೇಳಿದ ತಕ್ಷಣ ನಿಮಗೆ ಅನ್ನಿಸುವುದು ನನಗೂ ಅನ್ನಿಸಿತು: ಇದೇನು, ಹಳೆಯ ಸಿನಿಮಾ ಕಥೆಯ ಹಾಗೆ. ಇಡೀ ಆಸ್ಟ್ರೇಲಿಯಾದಲ್ಲಿ ಅವಳು ಬಂದು ಸೇರಬೇಕಾದದ್ದು ಇದೇ ಶಾಲೆಗೇ? ಕಾಕತಾಳೀಯಕ್ಕೂ ಒಂದು ಮಿತಿ ಬೇಡವೇ?

ಆದರೆ ಎರಡನೇ ಸಲ ಓದುವಾಗ ಈ ತಿರುವಿನ ಇನ್ನೊಂದು ಉಪಯೋಗ ಕಾಣಿಸಿತು. ಒಬ್ಬನೇ ತಂದೆಯ ಮಕ್ಕಳು, ಒಂದೇ ತರಗತಿಯಲ್ಲಿ. ರಕ್ತವೇ ಎಲ್ಲವನ್ನೂ ನಿರ್ಧರಿಸುವುದಾದರೆ ಜಿಗ್ಗಿಯೂ ಕತ್ತು ಹಿಸುಕಬೇಕಿತ್ತು. ಅವನು ಶಾಂತ ಹುಡುಗ. ತಂದೆಯ ಮುಖವನ್ನೇ ಕಾಣದೆ ಬೆಳೆದವನು. ಮ್ಯಾಕ್ಸ್ ಕಂಡಿದ್ದಾನೆ. ಮಕ್ಕಳು ಮಲಗಿರುತ್ತಾರೆ, ಅವರಿಗೇನೂ ಗೊತ್ತಿಲ್ಲ ಎಂದು ಸೆಲೆಸ್ಟ್ ನಂಬಿದ್ದಳು. ಗೋಡೆಯ ಆಚೆ ಮಕ್ಕಳು ಮಲಗಿರಲಿಲ್ಲ. ಲೇಖಕಿ ಜೇನ್‌ಳ ಭಯಕ್ಕೆ ಉತ್ತರ ಕೊಡಲು ಈ ಅಸಾಧ್ಯ ಕಾಕತಾಳೀಯವನ್ನು ಬೇಕೆಂದೇ ಹೆಣೆದಿದ್ದಾರೆ ಎನ್ನಿಸುತ್ತದೆ. ಹಾಗೆಂದು ‘ಕಂಡದ್ದನ್ನೇ ಕಲಿಯುತ್ತಾರೆ’ ಎಂದು ಸಲೀಸಾಗಿ ಹೇಳಿಬಿಡಲೂ ಅವರು ಬಿಡುವುದಿಲ್ಲ. ಏಕೆಂದರೆ ಅವಳಿಗಳಲ್ಲಿ ಇನ್ನೊಬ್ಬ, ಜಾಶ್, ಅದೇ ಗೋಡೆಯ ಆಚೆ ಮಲಗಿದ್ದವನು, ಯಾರನ್ನೂ ಮುಟ್ಟಲಿಲ್ಲ. ತಾಯಿಗೆ ಬಂದು ನಿಜ ಹೇಳಿದವನೂ ಅವನೇ. ಜಾಶ್ ಏಕೆ ಹಾಗಾದ ಎಂದು ಪುಸ್ತಕ ವಿವರಿಸುವುದಿಲ್ಲ. ನನಗೆ ಅದು ಸರಿಯೆನಿಸಿತು.

ಜಿಗ್ಗಿಗೂ ಗೊತ್ತಿತ್ತು. ಅಮಾಬೆಲ್ಲಾ ಅವನಿಗೆ ಹೇಳಿದ್ದಳು, ಯಾರಿಗೂ ಹೇಳುವುದಿಲ್ಲವೆಂದು ಅವನು ಮಾತು ಕೊಟ್ಟಿದ್ದ. ತನ್ನ ಮೇಲೇ ಅಪವಾದ ಬಂದಾಗಲೂ ಮಾತು ಮುರಿಯಲಿಲ್ಲ. ಪುಸ್ತಕದಲ್ಲಿ ಶಾಲೆಯದೊಂದು ಫಲಕದ ಬರಹವಿದೆ: ನಮ್ಮ ಶಾಲೆಯಲ್ಲಿ ಪುಂಡಾಟಕ್ಕೆ ಜಾಗವಿಲ್ಲ, ಪುಂಡಾಟವನ್ನು ನಾವು ಗುಟ್ಟಾಗಿಡುವುದಿಲ್ಲ, ಕಂಡರೆ ಧೈರ್ಯವಾಗಿ ಹೇಳುತ್ತೇವೆ ಎಂಬರ್ಥದ ಸಾಲುಗಳು. ಮಕ್ಕಳಿಗಾಗಿ ಬರೆದದ್ದು. ಆ ಶಾಲೆಯ ದೊಡ್ಡವರಲ್ಲಿ ಆ ಫಲಕದ ಒಂದು ಸಾಲನ್ನೂ ಪಾಲಿಸಿದವರಿಲ್ಲ.

ಕೆಲವು ಭಾಗ ನನಗೆ ರುಚಿಸಲಿಲ್ಲ, ಅದನ್ನೂ ಹೇಳಬೇಕು. ಮ್ಯಾಡೆಲಿನ್‌ಳ ಹದಿನಾಲ್ಕರ ಮಗಳು ಅಬಿಗೇಲ್, ಬಾಲ್ಯವಿವಾಹದ ವಿರುದ್ಧ ಹಣ ಕೂಡಿಸಲು ತನ್ನ ಕನ್ಯತ್ವವನ್ನೇ ಇಂಟರ್‌ನೆಟ್ಟಿನಲ್ಲಿ ಹರಾಜಿಗಿಡುವ ಉಪಕಥೆ ತೀರಾ ಎಳೆದಂತಿದೆ. ಆದರೆ ಅದರ ಕೊನೆಯಲ್ಲೊಂದು ಮುತ್ತು ಸಿಗುತ್ತದೆ. ಆ ಜಾಲತಾಣ ಮುಚ್ಚಿದರೆ ಒಂದು ಲಕ್ಷ ಡಾಲರ್ ದಾನ ಕೊಡುತ್ತೇನೆಂದು ಅಮೆರಿಕದ ಯಾರೋ ಮುದುಕ ಬರೆಯುತ್ತಾನೆ, ಹುಡುಗಿ ಮುಚ್ಚುತ್ತಾಳೆ. ಆ ಮುದುಕ ಬೇರೆ ಯಾರೂ ಅಲ್ಲ, ಸುಳ್ಳು ಹೆಸರಿನಲ್ಲಿ ಬರೆದ ಸೆಲೆಸ್ಟ್. ತನ್ನ ಮನೆಯಲ್ಲಿ ಉಸಿರೆತ್ತಲಾಗದವಳು ಗೆಳತಿಯ ಮಗಳನ್ನು ಒಂದು ಸುಳ್ಳಿನಿಂದ ಕಾಪಾಡುತ್ತಾಳೆ, ಅದನ್ನೂ ಹೇಳಿಕೊಳ್ಳದೆ.

ಈಗ ಆ ರಾತ್ರಿ. ಹೆಂಗಸರೆಲ್ಲ ಸಿನಿಮಾ ತಾರೆ ಆಡ್ರಿ ಹೆಪ್‌ಬರ್ನ್ ವೇಷ, ಗಂಡಸರೆಲ್ಲ ಹಾಡುಗಾರ ಎಲ್ವಿಸ್ ಪ್ರೆಸ್ಲಿ. ಸಭಾಂಗಣದ ತುಂಬ ಕಪ್ಪು ಗೌನು, ಮುತ್ತಿನ ಸರ, ಮಿಂಚಿನ ಅಂಗಿ, ಎಣ್ಣೆ ಹಚ್ಚಿ ಮೇಲೆ ಬಾಚಿದ ಕೂದಲು. ಯಾರು ಯಾರೆಂದು ದೂರದಿಂದ ಗೊತ್ತಾಗದು. ಊಟ ತರಬೇಕಾದವರು ತಡ ಮಾಡಿದ್ದಾರೆ, ಪಾನೀಯ ಮಾತ್ರ ಬೇಗ ಬಂದಿದೆ, ಅದೂ ಸಿಕ್ಕಾಪಟ್ಟೆ ಕಡಕ್. ಹೊಟ್ಟೆ ಖಾಲಿ, ತಲೆ ಭಾರ. ಬಾಲ್ಕನಿಯಲ್ಲಿ ಜೇನ್ ಒಬ್ಬ ಎಲ್ವಿಸ್‌ನನ್ನು ನೋಡಿ ಗುರುತು ಹಿಡಿಯುತ್ತಾಳೆ. ಸೆಲೆಸ್ಟ್‌ಗೂ ಅರ್ಥವಾಗುತ್ತದೆ. ಪೆರಿ ಎಲ್ಲರೆದುರೇ ಹೆಂಡತಿಯ ಮೇಲೆ ಕೈ ಮಾಡುತ್ತಾನೆ, ಮೊದಲ ಬಾರಿಗೆ ಬಾಗಿಲ ಹೊರಗೆ. ಅವನನ್ನು ತಳ್ಳುವವಳು ಇವರಲ್ಲಿ ಯಾರೂ ಅಲ್ಲ. ಬಾನಿ. ಯೋಗ ಮಾಡುವ, ಎಲ್ಲರಿಗೂ ಒಳ್ಳೆಯದನ್ನೇ ಬಯಸುವ, ಮ್ಯಾಡೆಲಿನ್ ಪುಸ್ತಕದುದ್ದಕ್ಕೂ ಗೇಲಿ ಮಾಡಿದ ಬಾನಿ. ಅವಳ ತಂದೆ ಅವಳ ತಾಯಿಯನ್ನು ಹೊಡೆಯುತ್ತಿದ್ದ, ಅವಳು ಮಂಚದ ಮೇಲೋ ಕೆಳಗೋ ಮುದುಡಿ ಕೇಳಿಸಿಕೊಂಡು ಬೆಳೆದವಳು. ಹಾಗೆ ಕೇಳಿಸಿಕೊಂಡು ಬೆಳೆಯುವ ಮಕ್ಕಳ ಪರವಾಗಿ ಅವಳು ಕಿರುಚುತ್ತಾಳೆ, ತಳ್ಳುತ್ತಾಳೆ. ಪೆರಿ ಬಾಲ್ಕನಿಯಿಂದ ಬಿದ್ದು ಸಾಯುತ್ತಾನೆ. ಆಮೇಲೆ ಅಲ್ಲಿದ್ದವರು ತಾವು ನೋಡಲಿಲ್ಲ ಎನ್ನತೊಡಗುತ್ತಾರೆ. ವರ್ಷಗಟ್ಟಲೆ ಕಂಡೂ ಕಾಣದಂತಿದ್ದವರ ಅದೇ ಅಭ್ಯಾಸ ಈಗ ಒಬ್ಬಳನ್ನು ಉಳಿಸುವ ಕೆಲಸಕ್ಕೆ ಬರುತ್ತದೆ. ಅದು ಸರಿಯೋ ತಪ್ಪೋ ಎಂದು ಲೇಖಕಿ ನಮ್ಮ ತೊಡೆಯ ಮೇಲೆ ಹಾಕಿ ಹೋಗುತ್ತಾರೆ. ಬಾನಿ ಮಾತ್ರ ಆ ಸುಳ್ಳನ್ನು ಹೊರಲಾರದೆ ತಾನೇ ಹೋಗಿ ಒಪ್ಪಿಕೊಳ್ಳುತ್ತಾಳೆ.

2017ರ ಟೆಲಿವಿಷನ್ ಸರಣಿಯನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ನಿಕೋಲ್ ಕಿಡ್ಮನ್ ಸೆಲೆಸ್ಟ್ ಆಗಿ ಮಾಡಿದ್ದು, ಆ ವರ್ಷ ಅಮೆರಿಕದ ಟೆಲಿವಿಷನ್ ಲೋಕದ ಎಂಟು ಎಮ್ಮಿ ಪ್ರಶಸ್ತಿ ಬಂದದ್ದು. ಅಭಿನಯ ಅದ್ಭುತ, ಮಾತಿಲ್ಲ. ಆದರೆ ಕಥೆಯನ್ನು ಕ್ಯಾಲಿಫೋರ್ನಿಯಾದ ಮಾಂಟೆರಿಗೆ ಸಾಗಿಸಿ, ಎಲ್ಲರಿಗೂ ಅರಮನೆ ಕಟ್ಟಿಕೊಟ್ಟರು. ಬಾನಿಯ ಬಾಲ್ಯವನ್ನು ಮೊದಲ ಭಾಗದಲ್ಲಿ ಬಿಟ್ಟೇಬಿಟ್ಟರು. ಅದಿಲ್ಲದೆ ಅವಳ ಕೈ ಬರೀ ಒಂದು ಕೈಯಾಗಿ ಉಳಿಯಿತು. ನನಗೆ ಪುಸ್ತಕವೇ ಹೆಚ್ಚು.

ಕಾದಂಬರಿ ಬಂದ ವರ್ಷದ ಬಗ್ಗೆ ಒಂದು ಮಾತು. 2014ರ ಫೆಬ್ರವರಿಯಲ್ಲಿ ವಿಕ್ಟೋರಿಯಾ ರಾಜ್ಯದ ಟೈಯಬ್ ಎಂಬಲ್ಲಿ ಹನ್ನೊಂದು ವರ್ಷದ ಲ್ಯೂಕ್ ಬ್ಯಾಟಿಯನ್ನು ಕ್ರಿಕೆಟ್ ಅಭ್ಯಾಸದ ಮೈದಾನದಲ್ಲಿ ಅವನ ತಂದೆಯೇ ಕೊಂದ. ಮರುದಿನ ತಾಯಿ ರೋಸಿ ಬ್ಯಾಟಿ ಮನೆಯ ಮುಂದೆ ಪತ್ರಕರ್ತರ ಎದುರು ನಿಂತು, ಮನೆ ಎಷ್ಟೇ ಚೆಂದವಿರಲಿ, ನೀವು ಎಷ್ಟೇ ಬುದ್ಧಿವಂತರಾಗಿರಿ, ಇದು ಯಾರಿಗೆ ಬೇಕಾದರೂ ಆಗುತ್ತದೆ ಎಂಬರ್ಥದ ಮಾತಾಡಿದರು. ಕೆಲವೇ ತಿಂಗಳ ನಂತರ ಅಚ್ಚಾದ ಈ ಕಾದಂಬರಿಯ ಕೊನೆಯ ಪುಟದಲ್ಲಿ ಸೆಲೆಸ್ಟ್ ಒಂದು ಸಭೆಯ ಮುಂದೆ ನಿಂತು ಹೇಳಹೊರಡುವುದೂ ಹೆಚ್ಚುಕಡಿಮೆ ಅದೇ ಮಾತು. ಒಬ್ಬರನ್ನು ನೋಡಿ ಒಬ್ಬರು ಆಡಿದ್ದಲ್ಲ. ಆ ದೇಶದ ನಾಲಿಗೆಯ ತುದಿಯಲ್ಲಿ ಆ ವರ್ಷ ಆ ಮಾತು ಬಂದು ಕೂತಿತ್ತು ಅನಿಸುತ್ತದೆ. ರೋಸಿ ಬ್ಯಾಟಿ 2015ರ ‘ಆಸ್ಟ್ರೇಲಿಯನ್ ಆಫ್ ದಿ ಇಯರ್’ ಆದರು. ಅದೇ ವರ್ಷ ವಿಕ್ಟೋರಿಯಾ ಸರಕಾರ ಕೌಟುಂಬಿಕ ಹಿಂಸೆಯ ಬಗ್ಗೆ ರಾಯಲ್ ಕಮಿಷನ್ ಎಂಬ ಉನ್ನತ ವಿಚಾರಣಾ ಆಯೋಗ ಕೂರಿಸಿತು. 2016ರಲ್ಲಿ ಅದು ಕೊಟ್ಟ ಶಿಫಾರಸುಗಳು 227. ಸೆಲೆಸ್ಟ್‌ಳ ರಾಜ್ಯದಲ್ಲಿ, ಅಂದರೆ ನ್ಯೂ ಸೌತ್ ವೇಲ್ಸ್‌ನಲ್ಲಿ, ಸಂಗಾತಿಯನ್ನು ಹಂತಹಂತವಾಗಿ ಹತೋಟಿಗೆ ತಂದು ಹಿಂಸಿಸುವುದನ್ನೇ ಪ್ರತ್ಯೇಕ ಅಪರಾಧವಾಗಿ ಮಾಡಿದ ಕಾನೂನು 2024ರ ಜುಲೈ 1ರಿಂದ ಜಾರಿಗೆ ಬಂತು. ಸೆಲೆಸ್ಟ್ ಹುಡುಕುತ್ತಿದ್ದ ಹೆಸರು ಕಾನೂನಿನ ಪುಸ್ತಕಕ್ಕೆ ಬರಲು ಕಾದಂಬರಿಯ ನಂತರ ಹತ್ತು ವರ್ಷ ಹಿಡಿಯಿತು.

ನನ್ನ ಮಾತು ಇಷ್ಟೇ ಇತ್ತು. ಪ್ರಶ್ನೆಗಳ ಹೊತ್ತಿನಲ್ಲಿ ಹಿಂದಿನ ಸಾಲಿನ ಹಿರಿಯರೊಬ್ಬರು ಎದ್ದು ಕೇಳಿದರು: “ಅಲ್ಲಮ್ಮಾ, ಬಾನಿ ಜೈಲಿಗೆ ಹೋದಳೋ ಇಲ್ಲವೋ?” ಇಲ್ಲ, ಸಮುದಾಯ ಸೇವೆಯ ಶಿಕ್ಷೆಯಾಯಿತು ಎಂದೆ. ಅವರಿಗೆ ಸಮಾಧಾನವಾದಂತೆ ಕಾಣಲಿಲ್ಲ, ಕೂತರು. ಆಮೇಲೆ ಒಬ್ಬ ಹುಡುಗಿ, ಹೊಸದಾಗಿ ಶಾಲೆಯೊಂದಕ್ಕೆ ಸೇರಿದ್ದಾಳಂತೆ, ಕೇಳಿದಳು: “ಮೇಡಂ, ಆ ಟೀಚರ್ ಅವತ್ತು ಏನು ಮಾಡಬೇಕಿತ್ತು?”

ಎಲ್ಲರನ್ನೂ ಮನೆಗೆ ಕಳಿಸಿ, ಆ ಮಗುವಿನ ಪಕ್ಕ ನೆಲದ ಮೇಲೆ ಕೂತು ಬಣ್ಣದ ಪೆನ್ಸಿಲ್ ಡಬ್ಬ ತೆಗೆಯಬೇಕಿತ್ತು ಎಂದೆ. ಏನೂ ಕೇಳಬಾರದಿತ್ತು, ಅವತ್ತಂತೂ ಬೇಡವೇ ಬೇಡ.

“ನೀವು ಆ ಹೊಸ ಹುಡುಗನಿಗೆ ಆಮೇಲೆ ಏನು ಹೇಳಿದಿರಿ?” ಎಂದಳು.

ಅಷ್ಟು ಹೊತ್ತಿಗೆ ಅವನು ಶಾಲೆ ಬಿಟ್ಟು ಹೋಗಿದ್ದ.